ಅಣು ತಲುಪಿದರೆ ತಾನೇ ಗುಣ

ಅರಿಶಿನ ಕ್ಯಾನ್ಸರನ್ನು ತಡೆಯುತ್ತದೆ, ಮೆಣಸಿನಕಾಯಿ ಕೊಬ್ಬು ಕರಗಿಸುತ್ತದೆ, ಕಾಫಿ ಪಿತ್ತಜನಕಾಂಗವನ್ನು ಕಾಯುತ್ತದೆ ಎಂಬಂಥ ಮಾತುಗಳು ಮೊಬೈಲಿಗೆ ಬಂದು ಬೀಳದ ದಿನವಿಲ್ಲ. ಇವನ್ನೆಲ್ಲ ಶುದ್ಧ ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಾಗದು. ಬಹುಪಾಲು ಮಾತುಗಳ ಹಿಂದೆ ಎಲ್ಲೋ ಒಂದು ಪ್ರಯೋಗಾಲಯದಲ್ಲಿ ನಡೆದ ನಿಜವಾದ ಪ್ರಯೋಗ ಇರುತ್ತದೆ. ಆಹಾರದಿಂದ ಬೇರ್ಪಡಿಸಿದ ಸಂಯುಕ್ತವೊಂದನ್ನು ಯಾವುದೋ ಪ್ರೋಟೀನಿನ ಮೇಲೆ ಸುರಿದಾಗ ಏನೋ ಒಂದು ಬದಲಾವಣೆ ಕಂಡಿರುತ್ತದೆ. ಆ ಬದಲಾವಣೆ ನಾಲ್ಕು ಕೈ ದಾಟುವಷ್ಟರಲ್ಲಿ ರೋಗ ವಾಸಿ ಮಾಡುವ ಮನೆಮದ್ದಾಗಿ ಬೆಳೆದಿರುತ್ತದೆ. ಗಾಜಿನ ತಟ್ಟೆಯಿಂದ ಊಟದ ತಟ್ಟೆಯವರೆಗಿನ ದಾರಿಯಲ್ಲಿ ಏನೇನು ಉದುರಿಹೋಯಿತು ಎಂದು ಯಾರೂ ಹೇಳುವುದಿಲ್ಲ. ಆಹಾರದ ಗುಣವೆಂದು ನಾವು ಕರೆಯುವುದು ಆಹಾರದೊಳಗೆ ತನ್ನಷ್ಟಕ್ಕೆ ಕೂತಿರುವ ವಸ್ತುವಲ್ಲ. ಅದರಲ್ಲಿನ ಒಂದು ಅಣು ನಮ್ಮ ಮೈಯ ಯಾವ ಪ್ರೋಟೀನನ್ನು ಮುಟ್ಟಿತು, ಎಷ್ಟು ಪ್ರಮಾಣದಲ್ಲಿ ಮುಟ್ಟಿತು, ಎಷ್ಟು ಹೊತ್ತು ಹಿಡಿದುಕೊಂಡಿತು, ಅದೂ ಯಾರ ಮೈಯಲ್ಲಿ ಎಂಬುದರಿಂದ ಆ ಗುಣ ಹುಟ್ಟುತ್ತದೆ. ಇಷ್ಟನ್ನು ಒಪ್ಪಿಕೊಂಡರೆ ಅಡುಗೆಮನೆಯ ಡಬ್ಬಿಗಳನ್ನು ನೋಡುವ ರೀತಿಯೇ ಬದಲಾಗುತ್ತದೆ.

ಖಾರದಿಂದಲೇ ಶುರು ಮಾಡಬಹುದು, ಏಕೆಂದರೆ ಅಣು ಮತ್ತು ಪ್ರೋಟೀನಿನ ಭೇಟಿ ಇಷ್ಟು ಸ್ಪಷ್ಟವಾಗಿ ಅನುಭವಕ್ಕೆ ಬರುವ ಇನ್ನೊಂದು ಸಂದರ್ಭವಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೆಸರು ತಂದ, 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಸುಕ್ಕು ಮೆಣಸಿನಕಾಯಿಯನ್ನು ನೋಡಿ. ಕಡುಗೆಂಪು ಬಣ್ಣ, ಆದರೆ ಖಾರ ಕಡಿಮೆ. ಅದೇ ಗುಂಟೂರಿನ ಕಾಯಿ ಬಣ್ಣದಲ್ಲಿ ಅದಕ್ಕಿಂತ ಹಿಂದೆ, ಖಾರದಲ್ಲಿ ಬಹಳ ಮುಂದೆ. ಬಣ್ಣ ಕೊಡುವುದು ಕ್ಯಾಪ್ಸಾಂಥಿನ್ ಎಂಬ ಸಂಯುಕ್ತ, ಖಾರ ಕೊಡುವುದು ಕ್ಯಾಪ್ಸೈಸಿನ್. ಎರಡೂ ಒಂದೇ ಹಣ್ಣಿನಲ್ಲಿ ಹುಟ್ಟಿ, ಎರಡೂ ಎಣ್ಣೆಯಲ್ಲಿ ಕರಗಿ, ಎರಡೂ ಒಟ್ಟಿಗೇ ನಾಲಿಗೆಗೆ ಬರುತ್ತವೆ. ಆದರೆ ನಾಲಿಗೆ ಒಂದಕ್ಕೆ ಮಾತ್ರ ಹೌಹಾರುತ್ತದೆ. ಕ್ಯಾಪ್ಸಾಂಥಿನ್‌ಗೆ ಹೊಂದುವ ಪ್ರೋಟೀನ್ ಬಾಯಿಯ ನರಗಳಲ್ಲಿ ಇಲ್ಲ, ಕ್ಯಾಪ್ಸೈಸಿನ್‌ಗೆ ಇದೆ. ಅಂದಹಾಗೆ, ಖಾರವೆಲ್ಲ ಬೀಜದಲ್ಲಿದೆ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಕ್ಯಾಪ್ಸೈಸಿನ್ ತಯಾರಾಗುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ಭಾಗದಲ್ಲಿ. ಬೀಜಕ್ಕೆ ತಗಲುವ ಖಾರ ಅಲ್ಲಿಂದ ಮೆತ್ತಿಕೊಂಡದ್ದು.

ಆ ಪ್ರೋಟೀನಿನ ಹೆಸರು ಟಿಆರ್‌ಪಿವಿ1. 1997ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಅದರ ಜೀನನ್ನು ಪತ್ತೆಮಾಡಿತು. ಈ ದಾರಿಯ ಕೆಲಸಕ್ಕಾಗಿ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇಬ್ಬರಿಗೂ 2021ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂತು. ಟಿಆರ್‌ಪಿವಿ1 ನೋವಿನ ನರಗಳ ತುದಿಯಲ್ಲಿ, ಜೀವಕೋಶದ ಹೊರಪೊರೆಯಲ್ಲಿ ಹುದುಗಿರುವ ಒಂದು ಕಿರುದ್ವಾರ. ಮೈಗೆ ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ತಾಗಿದರೆ ಅದು ತೆರೆದುಕೊಳ್ಳುತ್ತದೆ, ಕ್ಯಾಲ್ಸಿಯಂ ಮತ್ತು ಸೋಡಿಯಂ ಒಳನುಗ್ಗುತ್ತವೆ, ಸುಡುತ್ತಿದೆ ಎಂಬ ಸಂದೇಶ ಮಿದುಳಿಗೆ ಹೋಗುತ್ತದೆ. ಕ್ಯಾಪ್ಸೈಸಿನ್ ಅಣು ಪೊರೆಯ ಕೊಬ್ಬಿನೊಳಗೆ ನುಸುಳಿ, ಈ ಪ್ರೋಟೀನಿನ ಪಕ್ಕದಲ್ಲಿರುವ ಒಂದು ಪೊಟರೆಯಲ್ಲಿ ಕೂತುಬಿಡುತ್ತದೆ. ಆಗ ಬಿಸಿಯೇ ಇಲ್ಲದೆ ದ್ವಾರ ತೆರೆಯುತ್ತದೆ. ಬಾಯಿಗೆ ಥರ್ಮಾಮೀಟರ್ ಇಟ್ಟರೆ ಅದು ಒಂದು ಡಿಗ್ರಿಯೂ ಏರಿರುವುದಿಲ್ಲ. ಮಿದುಳಿಗೆ ಮಾತ್ರ ಬಾಯಿಗೆ ಬೆಂಕಿ ಬಿದ್ದಿದೆ ಎಂಬ ಸುದ್ದಿ. ಮೈ ಆ ಸುದ್ದಿಯನ್ನು ನಂಬಿ ಬೆವರುತ್ತದೆ, ಮುಖ ಕೆಂಪಾಗುತ್ತದೆ, ಮೂಗು ಸೋರುತ್ತದೆ. ಕರಿಮೆಣಸಿನ ಪೈಪರಿನ್ ಮತ್ತು ಶುಂಠಿಯ ಖಾರದ ಅಂಶಗಳೂ ಇದೇ ಪ್ರೋಟೀನನ್ನು ಕೆಣಕುತ್ತವೆ, ಕ್ಯಾಪ್ಸೈಸಿನ್‌ಗಿಂತ ಎಷ್ಟೋ ಮೆಲ್ಲಗೆ. ಸಾಸಿವೆ ಮತ್ತು ಹಸಿ ಬೆಳ್ಳುಳ್ಳಿಯ ಘಾಟು ಟಿಆರ್‌ಪಿಎ1 ಎಂಬ ಇನ್ನೊಂದರ ಕೆಲಸ. ಪುದೀನದ ಮೆಂಥಾಲ್ ತಂಪನ್ನು ಗುರುತಿಸುವ ಟಿಆರ್‌ಪಿಎಂ8ಅನ್ನು ತೆರೆಯುತ್ತದೆ.

ನೀರು ಕುಡಿದರೆ ಖಾರ ಇಳಿಯದಿರುವುದಕ್ಕೆ ಕಾರಣ ಈಗ ಸುಲಭವಾಗಿ ತಿಳಿಯುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಪೊರೆಯ ಕೊಬ್ಬನ್ನೇ ಹಿಡಿದುಕೊಂಡಿರುತ್ತದೆ. ಧಾರವಾಡ, ವಿಜಯಪುರದ ಕಡೆ ಜೋಳದ ರೊಟ್ಟಿಗೆ ರಂಜಕ ಹಚ್ಚಿಕೊಂಡು ತಿನ್ನುವವರು ಪಕ್ಕದಲ್ಲಿ ಬೆಣ್ಣೆಯನ್ನೋ ಗಟ್ಟಿ ಮೊಸರನ್ನೋ ಇಟ್ಟುಕೊಳ್ಳುವುದು ರುಚಿಗೆ ಮಾತ್ರವಲ್ಲ. ಜಿಡ್ಡು ಕ್ಯಾಪ್ಸೈಸಿನ್ನನ್ನು ಸೆಳೆದುಕೊಳ್ಳುತ್ತದೆ ಎಂಬುದು ಹಳೆಯ ವಿವರಣೆ. 2019ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ನೀರು, ಸೋಡಾ, ಹಾಲು ಮೊದಲಾದವನ್ನು ಹೋಲಿಸಿ ನೋಡಿದಾಗ ಕೆನೆ ತೆಗೆದ ಹಾಲೂ ಕೆನೆಹಾಲಿನಷ್ಟೇ ಚೆನ್ನಾಗಿ ಉರಿ ಇಳಿಸಿತು. ಹಾಗಾದರೆ ಹಾಲಿನ ಪ್ರೋಟೀನುಗಳಿಗೂ, ಮುಖ್ಯವಾಗಿ ಕೇಸಿನ್‌ಗೆ, ಇದರಲ್ಲಿ ಪಾಲಿರಬೇಕು. ಅಣು ನಮ್ಮ ಪ್ರೋಟೀನನ್ನು ಸೇರುವ ಮೊದಲೇ ಹಾಲಿನ ಪ್ರೋಟೀನ್ ಅದನ್ನು ಹಿಡಿದುಕೊಂಡರೆ ಅಷ್ಟರಮಟ್ಟಿಗೆ ಉರಿ ಕಡಿಮೆ. ಚಹಾಕ್ಕೆ ಹಾಲು ಬೆರೆಸಿದಾಗ ಒಗರು ತಗ್ಗುವುದೂ ಹೀಗೆಯೇ. ಚಹಾದ ಟ್ಯಾನಿನ್‌ಗಳು ಎಂಜಲಿನ ಪ್ರೋಟೀನುಗಳಿಗೆ ಅಂಟಿ ಬಾಯಿ ಒಣಗಿದಂತೆ ಮಾಡುತ್ತವೆ. ಹಾಲು ಹಾಕಿದರೆ ಅವು ಲೋಟದಲ್ಲೇ ಕೇಸಿನ್‌ಗೆ ಅಂಟಿಕೊಂಡಿರುತ್ತವೆ.

ಕ್ಯಾಪ್ಸೈಸಿನ್‌ನಲ್ಲಿ ಹುಟ್ಟಾ ಖಾರವಿದೆಯೇ ಎಂಬ ಪ್ರಶ್ನೆಗೆ ಹಕ್ಕಿಗಳು ಒಳ್ಳೆಯ ಉತ್ತರ ಕೊಡುತ್ತವೆ. ಸೂಜಿಮೆಣಸನ್ನು ಹಕ್ಕಿಗಳು ಒಂದಾದ ಮೇಲೊಂದು ನುಂಗುವುದನ್ನು ಮಲೆನಾಡಿನವರೆಲ್ಲ ಬಲ್ಲರು. ಕೋಳಿಯ ಮೈಯಲ್ಲೂ ಟಿಆರ್‌ಪಿವಿ1 ಇದೆ, ಬಿಸಿ ತಾಗಿದರೆ ಅದೂ ತೆರೆಯುತ್ತದೆ. ಆದರೆ ಕ್ಯಾಪ್ಸೈಸಿನ್ ಕೂರುವ ಜಾಗದ ರಚನೆಯಲ್ಲಿ ಕೆಲವು ಅಮೈನೊ ಆಮ್ಲಗಳು ಬೇರೆ. 2002ರಲ್ಲಿ ಜೂಲಿಯಸ್ ಪ್ರಯೋಗಾಲಯದವರು ಇಲಿಯ ಪ್ರೋಟೀನಿನಿಂದ ಆ ಭಾಗವನ್ನಷ್ಟೇ ತೆಗೆದು ಕೋಳಿಯ ಪ್ರೋಟೀನಿಗೆ ಕೂಡಿಸಿದಾಗ ಅದಕ್ಕೂ ಖಾರ 'ತಿಳಿಯಿತು'. ಕಾಯಿ ಅದೇ, ಅಣು ಅದೇ. ನಮಗೆ ಖಾರ, ಗಿಳಿಗೆ ಸಪ್ಪೆ. ಬೀಜವನ್ನು ಅಗಿದು ಹಾಳುಮಾಡುವ ಪ್ರಾಣಿಗಳನ್ನು ದೂರವಿಟ್ಟು, ಬೀಜವನ್ನು ಇಡಿಯಾಗಿ ಬೇರೆಡೆ ಹಾಕುವ ಹಕ್ಕಿಗಳನ್ನು ಬಳಿಗೆ ಬಿಟ್ಟುಕೊಳ್ಳುವುದು ಗಿಡಕ್ಕೆ ಇದರಿಂದ ಆದ ಲಾಭ.

ಮೆಣಸಿನಕಾಯಿಯ ಈ ಗುಣವನ್ನು ಔಷಧವಾಗಿ ಬಳಸಲು ಹೊರಟಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಟಿಆರ್‌ಪಿವಿ1 ನೋವಿನ ದ್ವಾರವಾದರೆ ಅದನ್ನು ಮುಚ್ಚಿಬಿಟ್ಟರೆ ನೋವು ಹೋಗಬೇಕಲ್ಲ ಎಂದು ಹಲವು ಕಂಪನಿಗಳು ಮುಚ್ಚುವ ಅಣುಗಳನ್ನು ತಯಾರಿಸಿದವು. ಮನುಷ್ಯರ ಮೇಲೆ ಪರೀಕ್ಷಿಸಿದಾಗ ಕೆಲವರಿಗೆ ಜ್ವರ ಬಂದು ಮೈಬಿಸಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಅದೇ ಪ್ರೋಟೀನ್ ಮೈಯ ಶಾಖವನ್ನು ಹದದಲ್ಲಿಡುವ ಕೆಲಸವನ್ನೂ ಮಾಡುತ್ತಿತ್ತು. ಇದಕ್ಕೆ ವಿರುದ್ಧವಾಗಿ, ಅತಿಯಾದ ಕ್ಯಾಪ್ಸೈಸಿನ್ ಹಚ್ಚಿ ನರತುದಿಗಳನ್ನು ದಣಿಸಿ ಸುಮ್ಮನಾಗಿಸುವ ಉಪಾಯ ಫಲಿಸಿತು. ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಗೆ ಸರ್ಪಸುತ್ತಿನ ನಂತರ ಉಳಿಯುವ ನರನೋವಿಗಾಗಿ ಅಮೆರಿಕದಲ್ಲಿ 2009ರಲ್ಲಿ ಅನುಮತಿ ದೊರೆಯಿತು. ಗಮನಿಸಬೇಕಾದದ್ದು, ಆ ಪಟ್ಟಿಯನ್ನು ನೋವಿರುವ ಚರ್ಮದ ಮೇಲೆಯೇ ಅಂಟಿಸುತ್ತಾರೆ. ಅಣುವನ್ನು ಅದು ಕೆಲಸ ಮಾಡಬೇಕಾದ ಪ್ರೋಟೀನಿನ ಬಾಗಿಲಿಗೇ ಒಯ್ದು ಬಿಟ್ಟಿದ್ದಾರೆ. ಹಸಿಮೆಣಸಿನಕಾಯಿ ತಿಂದರೆ ಆ ನೋವು ಹೋಗದು.

ನಾಲಿಗೆಯ ಮೇಲೇ ನಡೆಯುವ ಇನ್ನೊಂದು ಕೌತುಕ ಮಧುನಾಶಿನಿ ಎಲೆಯದು. ಪಶ್ಚಿಮಘಟ್ಟದ ಕಾಡಂಚಿನಲ್ಲಿ ಬೆಳೆಯುವ ಈ ಬಳ್ಳಿಯ ಒಂದೆರಡು ಎಲೆ ಅಗಿದು ನಾಲಿಗೆ ತುಂಬ ಹೊರಳಿಸಿ, ಅನಂತರ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸಿಹಿಯೇ ತಿಳಿಯುವುದಿಲ್ಲ. ಮರಳು ಹಾಕಿಕೊಂಡಂತೆ ಬರೀ ಹರಳು. ಬೆಲ್ಲದಲ್ಲಿ ಮಣ್ಣಿನ ವಾಸನೆ ಮತ್ತು ಉಪ್ಪು ಉಳಿಯುತ್ತವೆ, ಸಿಹಿ ಇರುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಸಿಹಿ ಮೆಲ್ಲಗೆ ಮರಳುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ಸಿಹಿಯನ್ನು ಗುರುತಿಸುವ ಗ್ರಾಹಿ ಪ್ರೋಟೀನಿನ ಒಂದು ಭಾಗಕ್ಕೆ ಅಂಟಿ ಅದನ್ನು ಸ್ತಬ್ಧಗೊಳಿಸುತ್ತವೆ. ಇಷ್ಟರ ಬಗ್ಗೆ ಯಾವ ಸಂದೇಹವೂ ಇಲ್ಲ, ಎಲೆ ಸಿಕ್ಕವರು ಯಾರು ಬೇಕಾದರೂ ನೋಡಬಹುದು. ಆದರೆ ನಾಲಿಗೆಯ ಮೇಲಿನ ಈ ಚಮತ್ಕಾರವನ್ನೇ ಸಾಕ್ಷಿಯಾಗಿ ನಿಲ್ಲಿಸಿ ಎಲೆ ರಕ್ತದ ಸಕ್ಕರೆಯನ್ನೂ 'ನಾಶ' ಮಾಡುತ್ತದೆ ಎನ್ನುವುದು ಬೇರೆಯೇ ವಾದ. ಸಿಹಿ ತಿಳಿಯದಿದ್ದರೂ ಸಕ್ಕರೆ ಹೊಟ್ಟೆಗೆ ಹೋಗಿಯೇ ಇರುತ್ತದೆ. ರಕ್ತದ ಸಕ್ಕರೆ ಇಳಿಯುತ್ತದೆಯೇ ಎಂಬುದನ್ನು ರಕ್ತದಲ್ಲೇ ಅಳೆದು ತೋರಿಸಬೇಕು. ಇನ್ಸುಲಿನ್ ಬಿಟ್ಟು ಎಲೆ ಅಗಿಯುವವರ ಪಾಡು ನೆನೆದರೆ ಈ ವ್ಯತ್ಯಾಸವನ್ನು ಗಟ್ಟಿ ದನಿಯಲ್ಲೇ ಹೇಳಬೇಕಾಗುತ್ತದೆ.

ಬಾಯಲ್ಲಿ ಅಣುಗಳಿಗೆ ಬಹಳ ಅನುಕೂಲ. ಪ್ರಮಾಣ ಹೆಚ್ಚು, ದೂರ ಶೂನ್ಯ, ಅಡ್ಡಿ ಕಡಿಮೆ. ಗಂಟಲು ದಾಟಿದ ಮೇಲೆ ಪರಿಸ್ಥಿತಿ ಪೂರ್ತಿ ಬೇರೆ. ಹೊಟ್ಟೆಯ ಆಮ್ಲ, ಕರುಳಿನ ಗೋಡೆ, ಆ ಗೋಡೆಯಲ್ಲೇ ಕಾದಿರುವ ಕಿಣ್ವಗಳು, ಆಮೇಲೆ ಪಿತ್ತಜನಕಾಂಗ, ಮಿದುಳಿಗಾದರೆ ಅದರದೇ ಇನ್ನೊಂದು ತಡೆ. ಇವೆಲ್ಲವನ್ನೂ ಬಹುತೇಕ ಇಡಿಯಾಗಿ ದಾಟಿ ಹೋಗುವ ಅಪರೂಪದ ಅಣು ಕೆಫೀನ್. ಪುಟ್ಟ ಗಾತ್ರ, ನೀರಿನಲ್ಲೂ ಕರಗುತ್ತದೆ, ಪೊರೆಗಳನ್ನೂ ದಾಟುತ್ತದೆ. ಕಾಫಿ ಕುಡಿದ ಮುಕ್ಕಾಲು ಗಂಟೆಯೊಳಗೆ ಅದರಲ್ಲಿನ ಕೆಫೀನ್ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತಕ್ಕೆ ಸೇರಿರುತ್ತದೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಶೇಖರವಾಗುತ್ತಾ ಹೋಗುತ್ತದೆ. ಅದು ತನ್ನ ಗ್ರಾಹಿಗಳಲ್ಲಿ ಕೂತಾಗ ನರಗಳ ಚಟುವಟಿಕೆ ತಗ್ಗಿ ಜೊಂಪು ಹತ್ತುತ್ತದೆ. ಕೆಫೀನ್ ನೋಡಲು ಅಡಿನೊಸಿನ್‌ನಂತೆಯೇ ಇರುವುದರಿಂದ ಆ ಜಾಗದಲ್ಲಿ ಹೋಗಿ ಕೂರುತ್ತದೆ, ಆದರೆ ಗ್ರಾಹಿಯನ್ನು ಚಾಲೂ ಮಾಡುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ: ಟವೆಲ್ ಪ್ರಯಾಣ ಮಾಡುವುದಿಲ್ಲ, ಆದರೆ ಬೇರೆಯವರನ್ನು ಕೂರಲೂ ಬಿಡುವುದಿಲ್ಲ. ಕಾಫಿ ಚೈತನ್ಯ ಕೊಡುತ್ತದೆ ಎನ್ನುವುದಕ್ಕಿಂತ ದಣಿವಿನ ಸುದ್ದಿಯನ್ನು ತಡೆಹಿಡಿಯುತ್ತದೆ ಎನ್ನುವುದು ಸರಿ. ಕೆಫೀನ್ ಕರಗಿಹೋದಾಗ ಅಷ್ಟು ಹೊತ್ತು ಕಾದಿದ್ದ ಅಡಿನೊಸಿನ್ ಒಮ್ಮೆಲೇ ಜಾಗ ಹಿಡಿಯುತ್ತದೆ.

ತಲುಪುವುದು ಸುಲಭವಾದ ಮೇಲೆ ಪ್ರಶ್ನೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದಕ್ಕೆ ತಿರುಗುತ್ತದೆ. ಕೆಫೀನನ್ನು ಒಡೆಯುವುದು ಪಿತ್ತಜನಕಾಂಗದ ಸಿವೈಪಿ1ಎ2 ಎಂಬ ಕಿಣ್ವ. ವಯಸ್ಕರಲ್ಲಿ ಸರಾಸರಿ 5 ಗಂಟೆಗೆ ಅರ್ಧದಷ್ಟು ಕಡಿಮೆಯಾಗುತ್ತದೆ, ಅಂದರೆ ಸಂಜೆ 5ಕ್ಕೆ ಕುಡಿದ ಕಾಫಿಯ ಅರ್ಧ ಕೆಫೀನ್ ರಾತ್ರಿ 10ಕ್ಕೂ ರಕ್ತದಲ್ಲಿದೆ. ಆದರೆ ಈ ಕಿಣ್ವದ ಚುರುಕು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಸಿಗರೇಟು ಸೇದುವವರಲ್ಲಿ ಅದು ಹೆಚ್ಚು ತಯಾರಾಗಿ ಕೆಫೀನ್ ಬೇಗ ಹೋಗುತ್ತದೆ. ಗರ್ಭಿಣಿಯರಲ್ಲಿ ಅದು ಮಂದವಾಗಿ, ಕೊನೆಯ ತಿಂಗಳುಗಳಲ್ಲಿ ಅರ್ಧವಾಗಲು 15 ಗಂಟೆಯವರೆಗೂ ಹಿಡಿಯಬಹುದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎಂದು ಹೇಳುವಾಗ ಗರ್ಭಿಣಿಯರಿಗೆ 200 ಎಂದು ಬೇರೆ ಮಿತಿ ಹಾಕಿದ್ದು ಸುಮ್ಮನೆ ಅಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ನಮ್ಮ ರಾಜ್ಯದಲ್ಲಿ ಲೋಟದ ಲೆಕ್ಕವೂ ಅಷ್ಟು ಸರಳವಲ್ಲ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್, ಚಿಕೋರಿಯಲ್ಲಿ ಒಂದಿಷ್ಟೂ ಇಲ್ಲ. ಒಂದೇ ಬೀದಿಯ ಎರಡು ಹೋಟೆಲುಗಳ ಫಿಲ್ಟರ್ ಕಾಫಿ ಬಣ್ಣದಲ್ಲಿ ಒಂದೇ ಆಗಿದ್ದು ಕೆಫೀನಿನಲ್ಲಿ ದೂರದೂರ ಇರಬಹುದು. 'ಕಾಫಿ ನಿದ್ದೆ ಕೆಡಿಸುತ್ತದೆಯೇ' ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಕೊಡಲಾಗದಿರುವುದು ವಿಜ್ಞಾನದ ಸೋಲಲ್ಲ. ಪ್ರಶ್ನೆಯಲ್ಲೇ ಅರ್ಧ ಮಾಹಿತಿ ಇಲ್ಲ.

ಈಗ ಅರಿಶಿನ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇದರ ಮೇಲೆ ನಮಗಿರುವ ಪ್ರೀತಿಯೂ ದೊಡ್ಡದು, ಇದರ ಹೆಸರಿನಲ್ಲಿ ನಡೆಯುವ ವ್ಯಾಪಾರವೂ ದೊಡ್ಡದು. ಅರಿಶಿನದ ಹಳದಿ ಕರ್ಕ್ಯುಮಿನ್‌ನಿಂದ ಬಂದದ್ದು. ಪರೀಕ್ಷಾನಳಿಕೆಯಲ್ಲಿ ಅದು ಹತ್ತಾರು ಪ್ರೋಟೀನುಗಳ ಮೇಲೆ ಪರಿಣಾಮ ತೋರಿಸುತ್ತದೆ. ಆದರೆ ಮನುಷ್ಯರ ಮೈಯಲ್ಲಿ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂದಿಗೂ ಲೋಕದಾದ್ಯಂತ ಉಲ್ಲೇಖಗೊಳ್ಳುತ್ತದೆ. ಸ್ವಯಂಸೇವಕರಿಗೆ ತಲಾ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರೆ ಅದು ಸಿಕ್ಕಿದ್ದು ಅತ್ಯಲ್ಪ, ಕೆಲವೊಮ್ಮೆ ಪತ್ತೆಯೇ ಇಲ್ಲ. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ದೇಹಕ್ಕೆ ದಕ್ಕಿದ ಪ್ರಮಾಣ ಶೇ 2000ದಷ್ಟು ಹೆಚ್ಚಿತು. ಅರಿಶಿನದ ಹಾಲಿಗೆ ಚಿಟಿಕೆ ಮೆಣಸಿನಪುಡಿ ಹಾಕಿದ ಹಿರಿಯರಿಗೆ ಇದೆಲ್ಲ ಗೊತ್ತಿತ್ತು ಎಂದು ಈ ಅಂಕಿಯನ್ನು ಹಿಡಿದು ಹೇಳುವವರು ಬಹಳ. ಲೆಕ್ಕ ಹಾಕಿ ನೋಡೋಣ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಆ ಪ್ರಯೋಗದ 2 ಗ್ರಾಂ ಕರ್ಕ್ಯುಮಿನ್‌ಗೆ 65 ಗ್ರಾಂ ಆಸುಪಾಸಿನ ಪುಡಿ ಬೇಕು. ಒಂದು ಚಮಚ ಪುಡಿ 3 ಗ್ರಾಂ ಎಂದುಕೊಂಡರೂ ಇಪ್ಪತ್ತಕ್ಕೂ ಹೆಚ್ಚು ಚಮಚ. ಅಷ್ಟು ಅರಿಶಿನ ಹಾಕಿದ ಹಾಲನ್ನು ಯಾವ ಅಜ್ಜಿಯೂ ಯಾವ ಮೊಮ್ಮಗುವಿಗೂ ಕುಡಿಸಿಲ್ಲ. ಅತ್ಯಲ್ಪವನ್ನು ಇಪ್ಪತ್ತು ಪಟ್ಟು ಮಾಡಿದರೂ ಅದು ಅಲ್ಪವೇ ಆಗಿ ಉಳಿಯಬಹುದು ಎಂಬುದನ್ನು ಶೇಕಡಾವಾರು ಅಂಕಿ ಮರೆಸಿಬಿಡುತ್ತದೆ.

ಹಾಗಾದರೆ ನಳಿಕೆಯಲ್ಲಿ ಕಂಡ ಪರಿಣಾಮಗಳ ಕಥೆಯೇನು? 2017ರಲ್ಲಿ ಅಮೆರಿಕದ ಕ್ಯಾಥರಿನ್ ನೆಲ್ಸನ್, ಮೈಕೆಲ್ ವಾಲ್ಟರ್ಸ್ ಮತ್ತು ಸಂಗಡಿಗರು ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ ಇಡೀ ಸಾಹಿತ್ಯವನ್ನು ಜಾಲಾಡಿ ಬರೆದರು. ಕರ್ಕ್ಯುಮಿನ್ ತಾನೇ ಹೊಳೆಯುವ ವಸ್ತು, ಹೊಳಪನ್ನು ಅಳೆದು ಫಲಿತಾಂಶ ಹೇಳುವ ಪರೀಕ್ಷೆಗಳನ್ನು ಅದು ದಾರಿ ತಪ್ಪಿಸುತ್ತದೆ. ಸಿಕ್ಕ ಪ್ರೋಟೀನಿಗೆ ರಾಸಾಯನಿಕವಾಗಿ ಅಂಟುತ್ತದೆ, ಲೋಹಗಳನ್ನು ಹಿಡಿಯುತ್ತದೆ, ಪೊರೆಗಳನ್ನು ಕದಡುತ್ತದೆ, ತಟಸ್ಥ ದ್ರಾವಣದಲ್ಲಿ ನಿಮಿಷಗಳಲ್ಲೇ ಒಡೆಯುತ್ತದೆ. ಎಲ್ಲ ಪ್ರೋಟೀನುಗಳ ಮೇಲೂ ಕೆಲಸ ಮಾಡಿದಂತೆ ಕಾಣುವ ಅಣು ಯಾವ ಪ್ರೋಟೀನಿನ ಮೇಲೂ ನಿರ್ದಿಷ್ಟವಾಗಿ ಕೆಲಸ ಮಾಡುತ್ತಿಲ್ಲದಿರಬಹುದು. ಅದುವರೆಗಿನ 120ಕ್ಕೂ ಹೆಚ್ಚು ಚಿಕಿತ್ಸಾ ಪ್ರಯೋಗಗಳಲ್ಲಿ, ರೋಗಿಗೂ ವೈದ್ಯರಿಗೂ ಯಾವುದು ಔಷಧ ಯಾವುದು ಹುಸಿಗುಳಿಗೆ ಎಂದು ತಿಳಿಸದೆ ನಡೆಸಿದ ಒಂದೂ ಯಶಸ್ವಿಯಾಗಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು. ಮೊಣಕಾಲು ಸವೆತದ ನೋವಿಗೆ ಉಪಶಮನ ಕಂಡೆವು ಎನ್ನುವ ಸಣ್ಣ ಪ್ರಯೋಗಗಳಿವೆ, ಅವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅವುಗಳಲ್ಲಿ ಬಳಸಿದ್ದು ಸಾರಿನಲ್ಲಿ ಕುದಿದ ಅರಿಶಿನವಲ್ಲ, ಸಾಂದ್ರಗೊಳಿಸಿದ ಗುಳಿಗೆ. ಗುಳಿಗೆಯ ಫಲಿತಾಂಶವನ್ನು ಸಾರಿಗೆ ಅಂಟಿಸುವಂತಿಲ್ಲ, ಸಾರಿನ ಸುರಕ್ಷತೆಯನ್ನು ಗುಳಿಗೆಗೆ ಅಂಟಿಸುವಂತೆಯೂ ಇಲ್ಲ. ಅರಿಶಿನದ ಗುಳಿಗೆ ನುಂಗಿ ಪಿತ್ತಜನಕಾಂಗಕ್ಕೆ ಹಾನಿಯಾದವರ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ, ಅವುಗಳಲ್ಲಿ ಕೆಲವು ಪೈಪರಿನ್ ಬೆರೆಸಿದ ಗುಳಿಗೆಗಳು.

ಪೈಪರಿನ್ ಹೀಗೆ ಸಹಾಯ ಮಾಡುವುದು ಹೇಗೆ ಎಂದು ಕೇಳಿದರೆ ಇನ್ನೊಂದು ಅಪಾಯ ಕಾಣುತ್ತದೆ. ಅದು ಕರ್ಕ್ಯುಮಿನ್‌ಗೆ ಮಾತ್ರ ದಾರಿ ಬಿಡಿಸುವುದಿಲ್ಲ. ಹೊರಗಿನ ವಸ್ತುಗಳನ್ನು ಒಡೆದು, ಹಿಂದಕ್ಕೆ ತಳ್ಳುವ ಕರುಳಿನ ಕಿಣ್ವಗಳನ್ನೂ ಸಾಗಣೆ ಪ್ರೋಟೀನುಗಳನ್ನೂ ಅದು ತಡೆಯುತ್ತದೆ. ಆ ಕಾವಲು ಸಡಿಲವಾದರೆ ಮಾತ್ರೆಗಳೂ ನುಗ್ಗುತ್ತವೆ. ಅಡುಗೆಯ ಮೆಣಸಿನ ಮಟ್ಟಿಗೆ ಹೆದರಬೇಕಿಲ್ಲ, ಸಾಂದ್ರ ಗುಳಿಗೆಗೆ ಈ ಮಾತು ಅನ್ವಯಿಸುತ್ತದೆ. ಆದರೆ ಒಂದು ಹಣ್ಣು ಮಾತ್ರ ತಿನ್ನುವ ಪ್ರಮಾಣದಲ್ಲೇ ಈ ಕೆಲಸ ಮಾಡಬಲ್ಲದು. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆಯ ಜೊತೆ ಮದ್ಯದ ಪರಿಣಾಮವನ್ನು ಅಳೆಯಲು ಹೊರಟು, ಮದ್ಯದ ರುಚಿ ಮರೆಮಾಚಲೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ರಕ್ತದಲ್ಲಿ ಮಾತ್ರೆಯ ಮಟ್ಟ ನಿರೀಕ್ಷೆಗಿಂತ ಬಹಳ ಏರಿತ್ತು. ಕಾರಣ ಮದ್ಯವಲ್ಲ, ಮರೆಮಾಚಲು ಹಾಕಿದ ರಸ ಎಂದು ಗೊತ್ತಾಗಿ 1991ರಲ್ಲಿ ಲ್ಯಾನ್ಸೆಟ್‌ನಲ್ಲಿ ವರದಿಯಾಯಿತು. ರಸದಲ್ಲಿನ ಫ್ಯುರಾನೊಕೌಮರಿನ್‌ಗಳು ಕರುಳಿನ ಸಿವೈಪಿ3ಎ4 ಕಿಣ್ವಕ್ಕೆ ಅಂಟಿ ಅದನ್ನು ಶಾಶ್ವತವಾಗಿ ಕೆಡಿಸುತ್ತವೆ. ಹೊಸ ಕಿಣ್ವ ತಯಾರಾಗಲು ಒಂದು ದಿನಕ್ಕೂ ಹೆಚ್ಚು ಬೇಕು. ಬೆಳಿಗ್ಗೆ ಹಣ್ಣು ತಿಂದು ರಾತ್ರಿ ಮಾತ್ರೆ ನುಂಗಿದರಾಯಿತು ಎಂಬ ಉಪಾಯ ಇಲ್ಲಿ ನಡೆಯದು.

ಗ್ರೇಪ್‌ಫ್ರೂಟ್ ನಮ್ಮಲ್ಲಿ ಅಪರೂಪ. ಆದರೆ ಅದು ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ, ಮತ್ತು ದೇವನಹಳ್ಳಿಯ ಚಕ್ಕೋತ ಭೌಗೋಳಿಕ ಸೂಚಿ ಪಡೆದ ನಮ್ಮ ಹೆಮ್ಮೆಯ ಹಣ್ಣು. ಫ್ಯುರಾನೊಕೌಮರಿನ್‌ಗಳು ಚಕ್ಕೋತದಿಂದಲೇ ಗ್ರೇಪ್‌ಫ್ರೂಟಿಗೆ ಬಂದವು. ತಳಿಯಿಂದ ತಳಿಗೆ ಪ್ರಮಾಣ ಬದಲಾಗುತ್ತದೆ ನಿಜ. ಆದರೂ ಚಕ್ಕೋತದ ರಸ ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಎಂಬ ಔಷಧದ ಮಟ್ಟವನ್ನು ಏರಿಸಿದ್ದು, ಮೂತ್ರಪಿಂಡ ಕಸಿಯಾದವರೊಬ್ಬರಲ್ಲಿ ಚಕ್ಕೋತ ತಿಂದ ಮೇಲೆ ಅದೇ ಬಗೆಯ ಔಷಧವಾದ ಟಾಕ್ರೊಲಿಮಸ್‌ನ ಮಟ್ಟ ಏರಿದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಕೊಲೆಸ್ಟ್ರಾಲಿಗೆ ನುಂಗುವ ಸಿಂವಾಸ್ಟಾಟಿನ್, ಒಂದು ಮಟ್ಟಿಗೆ ಅಟೊರ್ವಾಸ್ಟಾಟಿನ್ ಕೂಡ ಇದೇ ಕಿಣ್ವದ ಕೈಗೆ ಹೋಗುವಂಥವು. ರೋಸುವಾಸ್ಟಾಟಿನ್ ಅಷ್ಟಾಗಿ ಅಲ್ಲ. ಅದೇ ಕಾಯಿಲೆಗೆ ಬರೆದುಕೊಟ್ಟ ಎರಡು ಮಾತ್ರೆಗಳಲ್ಲಿ ಒಂದಕ್ಕೆ ಹಣ್ಣು ಅಡ್ಡಿ, ಇನ್ನೊಂದಕ್ಕೆ ಇಲ್ಲ. ಹಣ್ಣು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಉಳಿಯುವುದಿಲ್ಲ. ಮಾತ್ರೆ ನುಂಗದವರಿಗೆ ಅದು ಒಳ್ಳೆಯ ಹಣ್ಣು, ಅಷ್ಟೇ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು, ಸಾವಿರಾರು ವರ್ಷ ತಿಂದು ನೋಡಿದ ಅನುಭವಕ್ಕಿಂತ ಪ್ರಯೋಗಾಲಯ ದೊಡ್ಡದೇ ಎಂಬುದು. ತಿಂದ ಕೂಡಲೇ ಕಾಣುವ ಪರಿಣಾಮದ ಬಗ್ಗೆ ಪರಂಪರೆಯ ಅನುಭವ ಬಹಳ ಚುರುಕು. ಖಾರಕ್ಕೆ ಮಜ್ಜಿಗೆ, ಸಿಹಿ ಕಳೆಯುವ ಎಲೆ, ಇವನ್ನೆಲ್ಲ ಕಂಡುಕೊಂಡದ್ದು ಅದೇ. ಆದರೆ ಇಪ್ಪತ್ತು ಮೂವತ್ತು ವರ್ಷಕ್ಕೆ ಕಾಣುವ ಪರಿಣಾಮವನ್ನು ಬರಿಗಣ್ಣಿನ ಅನುಭವ ಹಿಡಿಯಲಾರದು. ಅಡಿಕೆಯನ್ನೇ ನೋಡಿ. ಅಡಿಕೆಯ ಅರೆಕೊಲಿನ್ ನರಮಂಡಲದ ಮಸ್ಕರಿನಿಕ್ ಗ್ರಾಹಿಗಳನ್ನು ಚಾಲೂ ಮಾಡುತ್ತದೆ, ಬಾಯಲ್ಲಿ ನೀರೂರುತ್ತದೆ, ಮೈ ಬೆಚ್ಚಗಾಗುತ್ತದೆ. ಊಟವಾದ ಮೇಲೆ ಹಿತವೆನಿಸುವುದು ಸುಳ್ಳಲ್ಲ. ಅದೇ ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಸೇರಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡಿನಲ್ಲಿ ನಿಂತು ಇದನ್ನು ಹೇಳುವುದು ಕಷ್ಟ. ಬೆಳೆಗಾರರ ಬದುಕು ಇದಕ್ಕೆ ಕಟ್ಟಿಕೊಂಡಿದೆ. ಹಾಗೆಂದು ಬಾಯಿ ತೆರೆಯಲಾಗದಷ್ಟು ಒಳಗೆನ್ನೆ ಬಿಗಿದುಕೊಂಡವರ ಮುಂದೆ ಪರಂಪರೆಯ ಮಾತು ಆಡಲಾಗದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನಾವು ಉಣ್ಣುವುದು ಊಟವನ್ನೇ ಹೊರತು ಒಂಟಿ ಅಣುವನ್ನಲ್ಲ. ಎಣ್ಣೆ, ಬೇಳೆ, ಮಸಾಲೆ ಎಲ್ಲ ಕೂಡಿದಾಗ ಬೇರೆಯೇ ಆಗುತ್ತದೆ ಎನ್ನುತ್ತಾರೆ. ಒಪ್ಪಬೇಕಾದ ಮಾತು. ಚಹಾದ ಹಾಲು, ರಂಜಕದ ಬೆಣ್ಣೆ ಇದಕ್ಕೇ ಉದಾಹರಣೆಗಳು. ಆದರೆ ಈ ಮಾತು ಒಂಟಿ ಅಣುವಿನ ಜಾಹೀರಾತಿಗೂ ಅಷ್ಟೇ ಅನ್ವಯಿಸುತ್ತದೆ. ಊಟ ಇಡಿಯಾದದ್ದು ಎನ್ನುವವರು ಕರ್ಕ್ಯುಮಿನ್ ಪ್ರಯೋಗದ ಬಲದ ಮೇಲೆ ಅರಿಶಿನ ಮಾರುವಂತಿಲ್ಲ. ಮೂರನೆಯದಾಗಿ, ರಕ್ತಕ್ಕೆ ಸೇರದಿದ್ದರೇನು, ಕರುಳಿನಲ್ಲೇ ಉಳಿದ ಅಣು ಅಲ್ಲಿನ ಗೋಡೆಯ ಮೇಲೆ, ಅಲ್ಲಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡಬಾರದೇ ಎಂದು ಕೇಳುವವರಿದ್ದಾರೆ. ಮಾಡಬಹುದು. ಕರುಳಿನಲ್ಲೂ ಟಿಆರ್‌ಪಿವಿ1 ಇದೆ, ಖಾರ ಹೆಚ್ಚಾದ ಮರುದಿನ ಅದರ ಇರುವಿಕೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಕರುಳಿನಲ್ಲಿ ಆಗುತ್ತದೆ ಎನ್ನುವವರು ಕರುಳಿನಲ್ಲಿ ಅಳೆದು ತೋರಿಸಬೇಕು. ಆ ಸಾಧ್ಯತೆಯನ್ನು ಮುಂದಿಟ್ಟು ಮಿದುಳಿನ, ಕೀಲಿನ, ಹೃದಯದ ರೋಗಗಳಿಗೆ ಗುಳಿಗೆ ಮಾರುವುದು ಸಲ್ಲ.

ಸಾರಿಗೆ ಅರಿಶಿನ ಹಾಕುವುದನ್ನು, ಚಟ್ನಿಗೆ ಮೆಣಸಿನಕಾಯಿ ಅರೆಯುವುದನ್ನು ಯಾರೂ ಬಿಡಬೇಕಿಲ್ಲ. ರುಚಿ, ಬಣ್ಣ, ಪರಿಮಳ ಇವೇ ಅವಕ್ಕೆ ಸಾಕಷ್ಟು ಕಾರಣ. ಆದರೆ ಕಷಾಯದ ಪುಡಿ, ಅರಿಶಿನದ ಗುಳಿಗೆ, ಮಧುನಾಶಿನಿಯ ಸಾರ, ದಿನವೂ ಕುಡಿಯುವ ಯಾವುದಾದರೂ ಹಣ್ಣಿನ ರಸ ಇದ್ದರೆ ಅದನ್ನು 'ಅದೇನು ಔಷಧವೇ' ಎಂದು ವೈದ್ಯರಿಂದ ಮುಚ್ಚಿಡಬೇಡಿ. ರಕ್ತದೊತ್ತಡ, ಕೊಲೆಸ್ಟ್ರಾಲ್, ಸಕ್ಕರೆ ಕಾಯಿಲೆ, ಅಂಗಾಂಗ ಕಸಿ ಇವುಗಳಿಗೆ ಮಾತ್ರೆ ನುಂಗುವವರು ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಚೀಟಿಯ ಜೊತೆಗೆ ಆ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲಿಟ್ಟು ಕೇಳಿ.